ಆಸ್ಪತ್ರೆಗೆ ಬರಲಾಗದ ಹಿರಿಯರ ಮಾತನ್ನು ಆಸ್ಪತ್ರೆಗೆ ತಲುಪಿಸುವ ಬಗೆ

ಕೆಲವು ವರ್ಷಗಳ ಹಿಂದೆ ನಾನು ಸದಸ್ಯಳಾಗಿದ್ದ, ಸರ್ಕಾರಿ ಆಸ್ಪತ್ರೆಯ ಆಗುಹೋಗು ನೋಡಿಕೊಳ್ಳುವ ಆರೋಗ್ಯ ರಕ್ಷಾ ಸಮಿತಿಯು, ಆಸ್ಪತ್ರೆಯ ಸೇವೆಯನ್ನು ಸುಧಾರಿಸುವ ಬಗ್ಗೆ ಹಿರಿಯ ನಾಗರಿಕರ ಅಭಿಪ್ರಾಯ ಕೇಳಬೇಕೆಂದು ಒಂದು ಸಭೆ ಕರೆದಿತ್ತು. ಸಭೆ ಸೇರಿದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ, ಆಸ್ಪತ್ರೆಯ ಮಹಡಿಯ ಮೇಲಿನ ಕೋಣೆಯಲ್ಲಿ. ಬಂದವರು ನಿವೃತ್ತ ಶಿಕ್ಷಕರು, ಹಾಲಿನ ಸಂಘದ ಹಿಂದಿನ ಪದಾಧಿಕಾರಿಗಳು, ದಿನವೂ ಕೆರೆ ಏರಿಯ ಮೇಲೆ ನಡೆದಾಡುವ ಪಿಂಚಣಿದಾರರು. ಅವರು ಹೇಳಿದ್ದೆಲ್ಲವೂ ಸರಿಯಾದ ಮಾತೇ ಆಗಿತ್ತು. ಆದರೆ ಅದೇ ಸಭೆಗೆಂದು ಹಳ್ಳಿಯಿಂದ ಹೊರಟು ಬಂದಿದ್ದ ಒಬ್ಬ ಅಜ್ಜಿ ಮೆಟ್ಟಿಲ ಬುಡದಲ್ಲಿ ಬಹಳ ಹೊತ್ತು ಕೂತಿದ್ದು, ಹತ್ತಲಾಗದೆ, ಯಾರನ್ನಾದರೂ ಕರೆಯಲೂ ಸಂಕೋಚಪಟ್ಟು ಊರಿಗೆ ಹಿಂದಿರುಗಿದರೆಂದು ಸಂಜೆ ಆಂಬ್ಯುಲೆನ್ಸ್ ಚಾಲಕರಿಂದ ನಮಗೆ ತಿಳಿಯಿತು. ಆ ಆಸ್ಪತ್ರೆಯಲ್ಲಿ ಏನು ಬದಲಾಗಬೇಕೆಂಬುದನ್ನು ಅಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಅವರೇ ಆಗಿದ್ದರು. ನಡಾವಳಿ ಪುಸ್ತಕದಲ್ಲಿ ಅವರ ಹೆಸರಿರಲಿಲ್ಲ.

ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಆರೋಗ್ಯ ರಕ್ಷಾ ಸಮಿತಿ, ಜನ ಆರೋಗ್ಯ ಸಮಿತಿ ಅಥವಾ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿಯಲ್ಲಿರುವವರಿಗೆ, ಆಶಾ ಕಾರ್ಯಕರ್ತೆಯರಿಗೆ, ಸಮುದಾಯ ಆರೋಗ್ಯ ಅಧಿಕಾರಿಗಳಿಗೆ ಮತ್ತು ಈ ಕೆಲಸಕ್ಕೆ ಕೈಜೋಡಿಸಬಯಸುವ ಸ್ವಯಂಸೇವಕರಿಗೆ ಉಪಯೋಗವಾಗಲೆಂದು ಇದನ್ನು ಬರೆಯುತ್ತಿದ್ದೇನೆ. ಬಲಗುಂದಿದ ಹಿರಿಯರು ಸಭೆಗೆ ಬರುವುದಿಲ್ಲ, ಆದ್ದರಿಂದ ಸಭೆಯೇ ಅವರ ಬಳಿಗೆ ಹೋಗಬೇಕು. ಹೋಗಿ ಕೇಳಿಕೊಂಡು ಬಂದ ಮೇಲೆ, ಅವರ ಮಾತಿನಿಂದ ಏನಾಯಿತೆಂದು ಹೇಳಲು ಅದೇ ಮನೆಗೆ ಇನ್ನೊಮ್ಮೆ ಹೋಗಬೇಕು. ಮುಂದೆ ಹೇಳುವುದೆಲ್ಲವೂ ಈ ಎರಡು ಹೋಗುವಿಕೆಗಳನ್ನು ಸರಿಯಾಗಿ ನಡೆಸುವ ಬಗೆಯನ್ನು ಕುರಿತದ್ದು.

ಯಾರ ಮನೆಗೆ ಹೋಗಬೇಕು

2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯ ಪ್ರಕಾರ 60 ವರ್ಷ ತುಂಬಿದವರೆಲ್ಲರೂ ಹಿರಿಯ ನಾಗರಿಕರು. ನಮ್ಮ ಕೆಲಸಕ್ಕೆ ಈ ಅಳತೆ ಸಾಲದು, ಏಕೆಂದರೆ ಎಪ್ಪತ್ತೈದರಲ್ಲೂ ಹೊಲಕ್ಕೆ ಹೋಗಿ ಹುಲ್ಲು ಕೊಯ್ದು ತರುವವರಿದ್ದಾರೆ, ಅರವತ್ತಕ್ಕೇ ಗೋಡೆ ಹಿಡಿದು ನಡೆಯುವವರೂ ಇದ್ದಾರೆ. ವೃದ್ಧಾಪ್ಯ ವೈದ್ಯಕೀಯದಲ್ಲಿ ಬಲಗುಂದುವಿಕೆಯನ್ನು ವಯಸ್ಸಿನಿಂದ ಬೇರೆಯಾಗಿಯೇ ಅಳೆಯುತ್ತಾರೆ. ಲಿಂಡಾ ಫ್ರೀಡ್ ಮತ್ತು ಅವರ ಸಹೋದ್ಯೋಗಿಗಳು 2001ರಲ್ಲಿ ಸೂಚಿಸಿದ ಐದು ಲಕ್ಷಣಗಳು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿವೆ: ಪ್ರಯತ್ನಪಡದೆಯೇ ತೂಕ ಇಳಿಯುವುದು, ಸದಾ ಸುಸ್ತು, ಕೈ ಹಿಡಿತ ಸಡಿಲವಾಗುವುದು, ನಡಿಗೆ ನಿಧಾನವಾಗುವುದು, ಓಡಾಟ ಕಡಿಮೆಯಾಗುವುದು. ಇವುಗಳಲ್ಲಿ ಮೂರು ಅಥವಾ ಅದಕ್ಕಿಂತ ಹೆಚ್ಚು ಕಂಡರೆ ಆ ವ್ಯಕ್ತಿ ಬಲಗುಂದಿದ್ದಾರೆಂದೂ, ಒಂದೆರಡು ಕಂಡರೆ ಆ ದಾರಿಯಲ್ಲಿದ್ದಾರೆಂದೂ ಎಣಿಸುತ್ತಾರೆ.

ಇದಕ್ಕಾಗಿ ಹೊಸದೊಂದು ಸಮೀಕ್ಷೆ ನಡೆಸುವ ಅಗತ್ಯವಿಲ್ಲ. 30 ವರ್ಷ ದಾಟಿದವರ ಸಕ್ಕರೆ ಕಾಯಿಲೆ, ರಕ್ತದೊತ್ತಡ ಮುಂತಾದವುಗಳ ತಪಾಸಣೆಗೆಂದು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ತುಂಬುವ ಸಿಬ್ಯಾಕ್ ನಮೂನೆಯಲ್ಲಿ 60 ದಾಟಿದವರಿಗೆಂದೇ ನಾಲ್ಕು ಪ್ರಶ್ನೆಗಳಿವೆ: ನಿಂತಾಗ ಅಥವಾ ನಡೆಯುವಾಗ ತೂರಾಡಿದಂತಾಗುತ್ತದೆಯೇ, ಓಡಾಟಕ್ಕೆ ಅಡ್ಡಿಯಾಗುವ ಅಂಗವೈಕಲ್ಯವಿದೆಯೇ, ಊಟ, ಸ್ನಾನ, ಬಟ್ಟೆ, ಶೌಚಗಳಿಗೆ ಇನ್ನೊಬ್ಬರ ನೆರವು ಬೇಕೇ, ಹತ್ತಿರದವರ ಹೆಸರು ಅಥವಾ ಸ್ವಂತ ಮನೆಯ ವಿಳಾಸ ಮರೆತುಹೋಗುತ್ತದೆಯೇ. ಈ ನಾಲ್ಕರಲ್ಲಿ ಒಂದಕ್ಕಾದರೂ ‘ಹೌದು’ ಎಂದವರ ಮನೆಗಳೇ ನಿಮ್ಮ ಮೊದಲ ಪಟ್ಟಿ. ನಮೂನೆ ಕೈಗೆ ಸಿಗದಿದ್ದರೂ ಚಿಂತೆಯಿಲ್ಲ. ಆಶಾ ಕಾರ್ಯಕರ್ತೆಯೊಂದಿಗೆ ಹತ್ತು ನಿಮಿಷ ಕೂತು, ಆರು ತಿಂಗಳಿಂದ ಬೀದಿಯಲ್ಲಿ ಕಾಣಿಸಿಕೊಳ್ಳದ ಹಿರಿಯರು ಯಾರೆಂದು ಕೇಳಿದರೆ ಅವರು ಬೆರಳು ಮಡಚಿ ಎಣಿಸಿ ಹೇಳುತ್ತಾರೆ.

ನಮ್ಮ ಸೀಮೆಯಲ್ಲಿ ವಯಸ್ಸಿನ ಗೆರೆಯನ್ನು ಸ್ವಲ್ಪ ಸಡಿಲಿಸಬೇಕೆಂಬುದು ನನ್ನ ಅಭಿಪ್ರಾಯ. ಬಾಗೇಪಲ್ಲಿ, ಮುಳಬಾಗಿಲು ಮತ್ತು ಜಿಲ್ಲೆಯ ಗಡಿಯಾಚೆ ಪಾವಗಡದ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ನೀರನ್ನು ದಶಕಗಳ ಕಾಲ ಕುಡಿದು, ಬೆನ್ನು ಬಾಗಿ, ಕೀಲು ಬಿಗಿದು, ಐವತ್ತರ ಆಸುಪಾಸಿನಲ್ಲೇ ಮುಪ್ಪಿನ ಕಷ್ಟಗಳನ್ನೆಲ್ಲ ಅನುಭವಿಸುತ್ತಿರುವವರಿದ್ದಾರೆ. ಕೆಜಿಎಫ್‌ನ ಚಿನ್ನದ ಗಣಿ 2001ರಲ್ಲಿ ಮುಚ್ಚಿತು, ಆದರೆ ಸುರಂಗದ ಸಿಲಿಕಾ ಧೂಳು ಸೇರಿದ ಶ್ವಾಸಕೋಶಗಳು ವಾಸಿಯಾಗುವುದಿಲ್ಲ; ನಾಲ್ಕು ಹೆಜ್ಜೆ ನಡೆದರೆ ಏದುಸಿರು ಬರುವವರಿಗೆ ಆಸ್ಪತ್ರೆಯ ಮೆಟ್ಟಿಲು ಏನೆಂದು ವಿವರಿಸಬೇಕಾಗಿಲ್ಲ. ಇಂಥವರನ್ನು ಇನ್ನೂ ಅರವತ್ತಾಗಿಲ್ಲವೆಂಬ ಕಾರಣಕ್ಕೆ ಕೈಬಿಡಬಾರದು.

ಆರಂಭಕ್ಕೆ ಎಂಟರಿಂದ ಹನ್ನೆರಡು ಮಂದಿ ಸಾಕು. ನೂರು ಜನರಿಂದ ‘ಹೌದು’, ‘ಇಲ್ಲ’ ಎಂದು ಗುರುತು ಹಾಕಿಸಿಕೊಳ್ಳುವುದಕ್ಕಿಂತ ಹತ್ತು ಜನರೊಂದಿಗೆ ಒಂದೊಂದು ಗಂಟೆ ಕೂರುವುದು ಹೆಚ್ಚು ಫಲ ಕೊಡುತ್ತದೆ. ಆದರೆ ಆ ಹತ್ತು ಜನ ಒಂದೇ ಬೀದಿಯವರಾಗಬಾರದು. ಒಂಟಿಯಾಗಿರುವವರು, ದಲಿತ ಕಾಲೋನಿಯವರು, ಊರ ಹೊರಗಿನ ತೋಟದ ಮನೆಯವರು, ಮಕ್ಕಳು ಬೆಂಗಳೂರಿಗೆ ದುಡಿಯಲು ಹೋಗಿ ಮೊಮ್ಮಕ್ಕಳನ್ನು ಸಾಕುತ್ತಿರುವವರು, ಹಾಸಿಗೆ ಹಿಡಿದವರು, ಇವರೆಲ್ಲ ಅದರಲ್ಲಿರಲಿ. ಭಾಷೆಯನ್ನೂ ಗಮನಿಸಬೇಕು. ಬಾಗೇಪಲ್ಲಿ, ಮುಳಬಾಗಿಲು, ಶ್ರೀನಿವಾಸಪುರದ ಹಳ್ಳಿಗಳಲ್ಲಿ ಬಹಳಷ್ಟು ಅಜ್ಜಿಯರ ಮನೆಮಾತು ತೆಲುಗು, ಕೆಜಿಎಫ್‌ನಲ್ಲಿ ತಮಿಳು, ಶಿಡ್ಲಘಟ್ಟ, ಚಿಂತಾಮಣಿ ಪಟ್ಟಣಗಳ ಅನೇಕ ಬೀದಿಗಳಲ್ಲಿ ಉರ್ದು. ಇವರೆಲ್ಲರಿಗೂ ಸಂತೆಗೆ, ಬಸ್ಸಿಗೆ ಬೇಕಾದಷ್ಟು ಕನ್ನಡ ಬರುತ್ತದೆ, ಆದರೆ ನೋವನ್ನು, ಅವಮಾನವನ್ನು, ಭಯವನ್ನು ಹೇಳಿಕೊಳ್ಳುವಾಗ ನಾಲಗೆ ಮನೆಮಾತಿಗೇ ಹೊರಳುತ್ತದೆ. ಆ ಭಾಷೆ ಬಲ್ಲವರೊಬ್ಬರನ್ನು ಜೊತೆಗೆ ಕರೆದೊಯ್ದು, ಹಿರಿಯರು ಹೇಳಿದ್ದನ್ನು ಅದೇ ಭಾಷೆಯಲ್ಲಿ, ಕನ್ನಡ ಅಕ್ಷರಗಳಲ್ಲಾದರೂ ಸರಿ, ಬರೆದುಕೊಳ್ಳಿ.

ಹೊತ್ತು ಮತ್ತು ಜಾಗ

ಬೆಳಿಗ್ಗೆ ಮತ್ತು ಸಂಜೆ ಡೇರಿಗೆ ಹಾಲು ಹಾಕುವ ಹೊತ್ತಿನಲ್ಲಿ ಯಾವ ಮನೆಗೂ ಹೋಗಬೇಡಿ. ರೇಷ್ಮೆ ಸಾಕುವ ಮನೆಯಲ್ಲಿ ಹುಳು ಕೊನೆಯ ಜ್ವರ (ಪೊರೆ ಕಳಚುವ ಹಂತ) ದಾಟಿ ಹಣ್ಣಾಗುವವರೆಗಿನ, ಎಂದರೆ ಗೂಡು ಕಟ್ಟಲು ಸಿದ್ಧವಾಗುವವರೆಗಿನ ದಿನಗಳಲ್ಲಿ ಮನೆಮಂದಿಗೆ ರಾತ್ರಿ ನಿದ್ದೆಯೂ ಇರುವುದಿಲ್ಲ, ರೋಗ ತಗಲೀತೆಂಬ ಭಯದಿಂದ ಹೊರಗಿನವರು ಬರುವುದು ಅವರಿಗೆ ಇಷ್ಟವೂ ಆಗುವುದಿಲ್ಲ. ರಾಗಿ ಕೊಯ್ಲಿನ ದಿನಗಳಲ್ಲಿ ಹಿರಿಯರು ಮನೆಯಲ್ಲಿ ಒಬ್ಬರೇ ಇರುತ್ತಾರೆ; ಒಂಟಿಯಾಗಿ ಮಾತನಾಡಿಸಲು ಅದು ಒಳ್ಳೆಯ ಸಮಯವೇ, ಆದರೆ ಬರುವ ವಿಷಯವನ್ನು ಮನೆಯವರಿಗೆ ಮುಂಚೆಯೇ ತಿಳಿಸಿರಬೇಕು. ಸಾಮಾನ್ಯವಾಗಿ ಬೆಳಿಗ್ಗೆ ಹತ್ತೂವರೆಯಿಂದ ಹನ್ನೆರಡರವರೆಗಿನ ಸಮಯ ಅನುಕೂಲ. ಮರೆವಿನ ಕಾಯಿಲೆ ಇರುವವರಲ್ಲಿ ಅನೇಕರಿಗೆ ಸಂಜೆಯಾಗುತ್ತಿದ್ದಂತೆ ಗೊಂದಲ, ಕಳವಳ ಹೆಚ್ಚುವುದರಿಂದ ಅವರನ್ನು ಬೆಳಗಿನಲ್ಲೇ ಮಾತನಾಡಿಸಬೇಕು.

ಜಗಲಿಯ ಮೇಲಾಗಲಿ, ಪಡಸಾಲೆಯಲ್ಲಾಗಲಿ, ಅವರು ದಿನವೂ ಕೂರುವ ಜಾಗದಲ್ಲೇ ಅವರನ್ನು ಇರಗೊಟ್ಟು ನೀವು ಎದುರಿಗೆ, ಅವರ ಕಣ್ಣಿನ ಮಟ್ಟದಲ್ಲಿ ಕೂತುಕೊಳ್ಳಿ. ನಿಮ್ಮ ಬೆನ್ನ ಹಿಂದೆ ಬಾಗಿಲ ಬೆಳಕಿದ್ದರೆ ಪೊರೆ ಬಂದ ಕಣ್ಣಿಗೆ ನಿಮ್ಮ ಮುಖ ಬರಿಯ ಕಪ್ಪಾಗಿ ಕಾಣುತ್ತದೆ. ಬೆಳಕು ನಿಮ್ಮ ಮುಖದ ಮೇಲೆ ಬೀಳಲಿ. ಕಿವಿ ಮಂದವಾದವರೊಂದಿಗೆ ಕೂಗಿ ಮಾತನಾಡಿದರೆ ದನಿ ಕೀರಲಾಗಿ ಇನ್ನಷ್ಟು ಅಸ್ಪಷ್ಟವಾಗುತ್ತದೆ, ತಗ್ಗಿದ ದನಿಯಲ್ಲಿ ನಿಧಾನವಾಗಿ, ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ಟಿವಿ ಆರಿಸಲು ಕೇಳಿಕೊಳ್ಳಲು ಹಿಂಜರಿಯಬೇಡಿ. ಮುಕ್ಕಾಲು ಗಂಟೆಯೊಳಗೆ ಅವರಿಗೆ ಆಯಾಸವಾದಂತೆ ಕಂಡರೆ ಮಾತನ್ನು ಅಲ್ಲಿಗೇ ನಿಲ್ಲಿಸಿ, ಇನ್ನೊಂದು ದಿನ ಬರುವುದಾಗಿ ಹೇಳಿ ಏಳಬೇಕು.

‘ಎಲ್ಲಾ ಚೆನ್ನಾಗೈತೆ’ ಎಂಬ ಉತ್ತರ

ಈ ಕೆಲಸದಲ್ಲಿ ಅತ್ಯಂತ ಕಷ್ಟದ ಭಾಗ ಇದು. ಆಸ್ಪತ್ರೆ ಹೇಗಿದೆ ಎಂದು ಕೇಳಿದರೆ ನಮ್ಮ ಹಿರಿಯರು ಹೇಳುವುದು ಒಂದೇ ಮಾತು: ‘ಎಲ್ಲಾ ಚೆನ್ನಾಗೈತಮ್ಮ, ಅವರೇನು ಮಾಡ್ತಾರೆ ಪಾಪ.’ ಇದರಲ್ಲಿ ನಿಜವಾದ ಕೃತಜ್ಞತೆಯೂ ಇದೆ, ಮನೆಗೆ ಬಂದವರ ಮುಂದೆ ದೂರು ಹೇಳಬಾರದೆಂಬ ಮರ್ಯಾದೆಯೂ ಇದೆ. ಹೇಳಿದ್ದು ನರ್ಸಮ್ಮನ ಕಿವಿಗೆ ಬಿದ್ದರೆ ಮುಂದಿನ ತಿಂಗಳ ಬಿ.ಪಿ. ಮಾತ್ರೆಗೆ ತೊಂದರೆಯಾದೀತೆಂಬ ಅಂಜಿಕೆಯೂ ಇರುತ್ತದೆ. ಬಂದವರು ಸರ್ಕಾರದ ಕಡೆಯವರೆಂದುಕೊಂಡು, ಸಂಧ್ಯಾ ಸುರಕ್ಷಾ ಹಣ ನಿಂತುಹೋದೀತೆಂದು ಹೆದರಿ ಬಾಯಿ ಬಿಗಿಹಿಡಿದವರನ್ನೂ ನಾನು ಕಂಡಿದ್ದೇನೆ. ಆದ್ದರಿಂದ ಸೇವೆ ಹೇಗಿದೆ ಎಂದು ನೇರವಾಗಿ ಕೇಳುವುದನ್ನೇ ಬಿಟ್ಟುಬಿಡಿ. ಅಂಕ ಕೊಡಿಸುವುದು, ನಗುವ ಮುಖ ಅಳುವ ಮುಖದ ಚಿತ್ರ ತೋರಿಸುವುದು, ಇವು ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಅದರ ಬದಲು ಒಂದು ದಿನದ ಕಥೆ ಕೇಳಿ. ‘ಅಜ್ಜಿ, ಹೋದ ಸಲ ಆಸ್ಪತ್ರೆಗೆ ಹೋದಿರಲ್ಲ, ಅವತ್ತು ಬೆಳಿಗ್ಗೆ ಎದ್ದಾಗಿನಿಂದ ಏನೇನಾಯಿತು ಹೇಳಿ’ ಎಂದರೆ ಸಾಕು. ದೂರು ಹೇಳಲು ಒಲ್ಲದವರೂ ಕಥೆ ಹೇಳುತ್ತಾರೆ. ಎಷ್ಟು ಗಂಟೆಗೆ ಎದ್ದಿರಿ, ಏನಾದರೂ ತಿಂದಿರಾ, ಜೊತೆಗೆ ಯಾರು ಬಂದರು, ಅವರ ಆ ದಿನದ ಕೂಲಿ ಏನಾಯಿತು, ಬಸ್ಸಿನ ಮೆಟ್ಟಿಲು ಹೇಗೆ ಹತ್ತಿದಿರಿ, ಚೀಟಿ ಬರೆಸುವಲ್ಲಿ ನಿಂತಿದ್ದಿರಾ ಕೂತಿದ್ದಿರಾ, ನೀರು ಕುಡಿದಿರಾ, ಮೂತ್ರಕ್ಕೆ ಎಲ್ಲಿಗೆ ಹೋದಿರಿ, ಡಾಕ್ಟರು ಹೇಳಿದ್ದು ಕೇಳಿಸಿತಾ, ಮಾತ್ರೆ ಕೊಟ್ಟವರು ಏನೆಂದರು, ಮನೆಗೆ ಬಂದ ಮೇಲೆ ಎಷ್ಟು ಹೊತ್ತು ಮಲಗಿದಿರಿ, ಹೀಗೆ ಒಂದೊಂದಾಗಿ ಆ ದಿನವನ್ನು ಹಿಂಬಾಲಿಸಬೇಕು.

ಹೀಗೆ ಕೇಳಿದಾಗಲೇ ನಮಗೆ ಸಿಕ್ಕ ಒಂದು ವಿಷಯವನ್ನು ಹೇಳುತ್ತೇನೆ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿ ಆಸ್ಪತ್ರೆಯಲ್ಲಿ ತಲೆಸುತ್ತಿ ಬಿದ್ದಿದ್ದರು. ಮನೆಯವರು ಅದನ್ನು ವಯಸ್ಸಿನ ನಿತ್ರಾಣವೆಂದುಕೊಂಡಿದ್ದರು. ಆ ದಿನದ ಕಥೆ ಕೇಳಿದರೆ, ಖಾಲಿ ಹೊಟ್ಟೆಯ ರಕ್ತ ಪರೀಕ್ಷೆಗೆಂದು ಹಿಂದಿನ ರಾತ್ರಿ ಎಂಟಕ್ಕೆ ಮುದ್ದೆ ಉಂಡವರು, ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ಹನ್ನೊಂದೂವರೆಗೆ ರಕ್ತ ಕೊಟ್ಟಿದ್ದರು. ಅಲ್ಲಿಯವರೆಗೆ ನೀರನ್ನೂ ಮುಟ್ಟಿರಲಿಲ್ಲ: ಒಂದು ಕಾರಣ, ಖಾಲಿ ಹೊಟ್ಟೆ ಎಂದರೆ ನೀರೂ ಕೂಡದೆಂದು ಅವರು ತಿಳಿದಿದ್ದರು, ಇನ್ನೊಂದು ಕಾರಣ, ಅಲ್ಲಿನ ಶೌಚಾಲಯದಲ್ಲಿ ಕುಕ್ಕರುಗಾಲಲ್ಲಿ ಕೂತರೆ ಮತ್ತೆ ಏಳಲಾಗದೆಂದು ಅವರಿಗೆ ಗೊತ್ತಿತ್ತು. ಪ್ರಯೋಗಾಲಯದವರು ಖಾಲಿ ಹೊಟ್ಟೆಯಲ್ಲಿ ಬಂದ ಹಿರಿಯರ ರಕ್ತವನ್ನು ಬಾಗಿಲು ತೆರೆದ ಕೂಡಲೇ ತೆಗೆದುಕೊಳ್ಳಬೇಕು, ನೀರು ಕುಡಿಯಬಹುದೆಂದು ಆಶಾ ಕಾರ್ಯಕರ್ತೆ ಹಿಂದಿನ ದಿನವೇ ಹೇಳಬೇಕು, ಒಂದು ಶೌಚಾಲಯಕ್ಕಾದರೂ ಕಮೋಡ್ ಮತ್ತು ಹಿಡಿಕಂಬಿ ಬೇಕು, ಈ ಮೂರು ತೀರ್ಮಾನಗಳೂ ಆ ಒಂದು ಕಥೆಯಿಂದ ಹೊರಟವು.

ಮನೆಯವರು ಎದುರಿಗಿದ್ದರೆ ಉತ್ತರ ಅವರಿಂದಲೇ ಬರುತ್ತದೆ. ಮಗನೋ ಸೊಸೆಯೋ ಪ್ರೀತಿಯಿಂದಲೇ ನಡುವೆ ಬಾಯಿ ಹಾಕುತ್ತಾರೆ, ‘ಅವರಿಗೇನೂ ಗೊತ್ತಾಗಲ್ಲ ಮೇಡಂ, ನನ್ನ ಕೇಳಿ’ ಎನ್ನುತ್ತಾರೆ. ಅವರ ಮಾತೂ ಬೇಕು, ಏಕೆಂದರೆ ಹಿರಿಯರನ್ನು ಎತ್ತಿ ಇಳಿಸುವವರು, ಕೆಲಸ ಬಿಟ್ಟು ಬರುವವರು ಅವರೇ. ಆದರೆ ಅದನ್ನು ಬೇರೆಯಾಗಿ, ಬೇರೆ ಹಾಳೆಯಲ್ಲಿ ಬರೆದುಕೊಳ್ಳಬೇಕು. ಇಬ್ಬರು ಹೋದರೆ ಒಬ್ಬರು ಸೊಸೆಯೊಂದಿಗೆ ಹಿತ್ತಲಲ್ಲಿ ಮಾತನಾಡುತ್ತಿರುವಾಗ ಇನ್ನೊಬ್ಬರು ಜಗಲಿಯ ಮೇಲೆ ಅತ್ತೆಯ ಮಾತು ಕೇಳಬಹುದು. ಮರೆವಿರುವವರ ಬಗ್ಗೆಯೂ ಆತುರದ ತೀರ್ಮಾನ ಬೇಡ. ಅವರಿಗೆ ದಿನಾಂಕ ನೆನಪಿರದಿರಬಹುದು, ಆದರೆ ಚುಚ್ಚುಮದ್ದು ಕೊಡುವಾಗ ಯಾರು ಕೈ ಹಿಡಿದುಕೊಂಡರು, ಯಾರು ಗದರಿದರು ಎಂಬುದು ಮನಸ್ಸಿನಲ್ಲಿ ಉಳಿದಿರುತ್ತದೆ. ಚೀಟಿ, ಮಾತ್ರೆಯ ಕವರು, ಆಸ್ಪತ್ರೆಯ ಬಾಗಿಲ ಫೋಟೊ, ಇಂಥದ್ದೊಂದನ್ನು ಕೈಗೆ ಕೊಟ್ಟರೆ ಮಾತು ತಾನಾಗಿ ಬರುತ್ತದೆ. ಪಾರ್ಶ್ವವಾಯುವಿನಿಂದ ಮಾತು ನಿಂತವರಿಗೆ ‘ಹೌದು’ ಎಂದರೆ ಕೈ ಒತ್ತುವ ಸಂಕೇತ ಸಾಕು.

ಜೊತೆಯಲ್ಲಿ ನಡೆಯುವುದು

ಕೇಳುವುದರಿಂದ ತಿಳಿಯದಿದ್ದದ್ದು ಜೊತೆಯಲ್ಲಿ ನಡೆದರೆ ತಿಳಿಯುತ್ತದೆ. ಒಪ್ಪುವ ಒಬ್ಬ ಹಿರಿಯರೊಂದಿಗೆ, ಅವರು ಹೇಗಿದ್ದರೂ ಆಸ್ಪತ್ರೆಗೆ ಹೋಗಬೇಕಿರುವ ದಿನವೇ, ಮನೆಯ ಬಾಗಿಲಿನಿಂದ ಮಾತ್ರೆ ಕೊಡುವ ಕಿಟಕಿಯವರೆಗೂ ಹೋಗಿಬನ್ನಿ. ನೆರವು ಬೇಕಾದಾಗ ಕೊಡಿ, ಆದರೆ ದಾರಿ ತೋರಿಸಬೇಡಿ. ಅವರು ಎಲ್ಲಿ ನಿಂತು ಗೊಂದಲಪಡುತ್ತಾರೆಂಬುದೇ ನಿಮಗೆ ಬೇಕಾದ ಮಾಹಿತಿ. ಎಲ್ಲಿ ಕೂರಲು ಜಾಗ ಹುಡುಕಿದರು, ಎಷ್ಟು ಸಲ ಗೋಡೆ ಹಿಡಿದರು, ಯಾವ ಫಲಕವನ್ನು ಓದಲಾಗದೆ ಪಕ್ಕದವರನ್ನು ಕೇಳಿದರು, ಒಟ್ಟು ಎಷ್ಟು ಹೊತ್ತು ನಿಂತೇ ಇದ್ದರು, ಇಷ್ಟನ್ನು ಗಡಿಯಾರ ನೋಡಿ ಬರೆದುಕೊಳ್ಳಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾಗಿದೆ, ಆದರೆ ಖಾಸಗಿ ಬಸ್ಸು ಮಾತ್ರ ಓಡುವ ದಾರಿಯ ಅಜ್ಜಿಗೆ ಅದು ದಕ್ಕುವುದಿಲ್ಲ; ಬಸ್ಸಿನಿಂದ ಇಳಿದು ಆಸ್ಪತ್ರೆಯ ಗೇಟಿನವರೆಗಿನ ದೂರವೂ ಕೆಲವರಿಗೆ ಬಸ್ಸಿನ ದಾರಿಗಿಂತ ಉದ್ದವಾಗಿರುತ್ತದೆ.

ಮಾತ್ರೆಯ ಕಿಟಕಿಯ ಬಳಿ ತುಸು ಹೆಚ್ಚು ಹೊತ್ತು ನಿಲ್ಲಿ. ಒಂದೇ ಬಗೆಯ ಬಿಳಿ ಮಾತ್ರೆಗಳು ಮೂರು ಕವರುಗಳಲ್ಲಿ ಬಂದರೆ, ಅಕ್ಷರ ಬಾರದವರು ಅಥವಾ ಕಣ್ಣು ಮಂಜಾದವರು ಅವನ್ನು ಮನೆಯಲ್ಲಿ ಒಂದೇ ಡಬ್ಬಿಗೆ ಸುರಿದಿಡುತ್ತಾರೆ. ಬೆಳಗಿನ ಮಾತ್ರೆಗೆ ಸೂರ್ಯ, ರಾತ್ರಿಯ ಮಾತ್ರೆಗೆ ಚಂದ್ರ ಬರೆದುಕೊಡುವ ಪದ್ಧತಿ ಹಳೆಯದು, ಆದರೆ ಚಿತ್ರ ಎಷ್ಟು ದೊಡ್ಡದಿರಬೇಕು, ಮಧ್ಯಾಹ್ನಕ್ಕೆ ಯಾವ ಗುರುತು ಬೇಕು ಎಂಬುದನ್ನು ಆ ಹಿರಿಯರಿಂದಲೇ ನಿರ್ಧರಿಸಬೇಕು. ಮಧ್ಯಾಹ್ನಕ್ಕೆ ಊಟದ ತಟ್ಟೆ ಬರೆಯಿರಿ ಎಂದು ನಮಗೆ ಸೂಚಿಸಿದವರು ಒಬ್ಬ ತಾತ. ಅದಕ್ಕೆ ಮುಂಚೆ ನಾವು ಬರೆಯುತ್ತಿದ್ದ ಅರ್ಧ ಸೂರ್ಯ ಯಾರಿಗೂ ಅರ್ಥವಾಗಿರಲಿಲ್ಲ.

ಒಪ್ಪಿಗೆ, ಹೆಬ್ಬೆಟ್ಟು, ಖರ್ಚು

ಒಪ್ಪಿಗೆ ಪತ್ರವೆಂದು ಹಾಳೆ ಮುಂದಿಟ್ಟು ಹೆಬ್ಬೆಟ್ಟು ಒತ್ತಿಸಿಕೊಳ್ಳಬೇಡಿ. ನಮ್ಮ ಕಡೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡವರ ನೆನಪು ಹಲವು ಮನೆಗಳಲ್ಲಿದೆ. ಬೆಂಗಳೂರು ಹತ್ತಿರವಾಗಿ ಭೂಮಿಯ ಬೆಲೆ ಏರಿದ ಮೇಲೆ ಆ ಭಯ ಇನ್ನೂ ಹೆಚ್ಚಿದೆ. ಅವರು ನಂಬುವ ಒಬ್ಬರ ಎದುರಿಗೆ ನಿಮ್ಮ ಉದ್ದೇಶವನ್ನು ಬಾಯಿಮಾತಿನಲ್ಲಿ ವಿವರಿಸಿ, ಅವರು ಒಪ್ಪಿದ ದಿನಾಂಕವನ್ನೂ ಸಾಕ್ಷಿಯ ಹೆಸರನ್ನೂ ನೀವೇ ಬರೆದುಕೊಂಡರೆ ಸಾಕು. ಮೂರು ಮಾತನ್ನು ತಪ್ಪದೆ ಹೇಳಬೇಕು: ನಿಮ್ಮ ಹೆಸರು ಎಲ್ಲೂ ಹೇಳುವುದಿಲ್ಲ, ಇದರಿಂದ ಪಿಂಚಣಿಗೂ ಮಾತ್ರೆಗೂ ಏನೂ ಆಗುವುದಿಲ್ಲ, ಬೇಡವೆನಿಸಿದರೆ ಯಾವಾಗ ಬೇಕಾದರೂ ನಿಲ್ಲಿಸಬಹುದು. ಪ್ರತಿ ಭೇಟಿಯಲ್ಲೂ ಇವನ್ನು ಮತ್ತೆ ಹೇಳಿ.

ಅವರನ್ನು ಎಲ್ಲಿಗಾದರೂ ಕರೆಸಿದರೆ ಆಟೋ ಖರ್ಚನ್ನು ಹೊರಡುವ ಮುಂಚೆಯೇ ಕೈಗೆ ಕೊಡಬೇಕು, ಆಮೇಲೆ ಬಿಲ್ಲು ತನ್ನಿ ಎನ್ನಬಾರದು. ಜೊತೆಗೆ ಬರುವವರ ಕೂಲಿ ತಪ್ಪುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಶಾಲು ಹೊದಿಸಿ ಹಾರ ಹಾಕುವುದು ಮರ್ಯಾದೆಯೇ ಸರಿ. ದಿನದ ಕೂಲಿ ಬಿಟ್ಟು ಬಂದ ಮಗಳಿಗೆ ಅದರಿಂದ ಸಂಜೆಯ ಅಡುಗೆಯಾಗುವುದಿಲ್ಲ.

ಸಿಬ್ಬಂದಿಯ ಮಾತು

ಹಿರಿಯರ ಮಾತನ್ನು ಆಸ್ಪತ್ರೆಯವರ ಮುಂದೆ ಇಡುವ ಮುಂಚೆ ಸಿಬ್ಬಂದಿಯನ್ನೂ ಹೀಗೆಯೇ ಒಬ್ಬೊಬ್ಬರಾಗಿ ಕೇಳಬೇಕು. ಸ್ಟಾಫ್ ನರ್ಸ್, ಫಾರ್ಮಸಿಸ್ಟ್, ಡಿ ದರ್ಜೆ ನೌಕರರು, ಇವರಿಗೂ ತಮ್ಮ ಕೆಲಸದಲ್ಲಿ ನೊಂದ ಗಳಿಗೆಗಳಿರುತ್ತವೆ. ಸಾಲಿನಲ್ಲಿ ನಿತ್ರಾಣರಾದವರನ್ನು ಕಂಡೂ ಏನೂ ಮಾಡಲಾಗದ ಬೇಸರವನ್ನು ಒಬ್ಬ ಫಾರ್ಮಸಿಸ್ಟ್ ನಮ್ಮೊಂದಿಗೆ ಹೇಳಿಕೊಂಡಾಗಲೇ, ಕೋಲು ಹಿಡಿದವರ ಚೀಟಿಯನ್ನು ಕಿಟಕಿಯಿಂದ ಕೈಚಾಚಿ ಮೊದಲು ತೆಗೆದುಕೊಳ್ಳುವ ಏರ್ಪಾಡು ಸಾಧ್ಯವಾಯಿತು. ರೋಗಿಗಳ ಅನುಭವ ಮತ್ತು ಸಿಬ್ಬಂದಿಯ ಅನುಭವ ಎರಡನ್ನೂ ಮೊದಲು ಬೇರೆಬೇರೆಯಾಗಿ ಕೇಳಿ, ಆಮೇಲೆ ಇಬ್ಬರನ್ನೂ ಒಟ್ಟಿಗೆ ಕೂರಿಸಿ ಸೇವೆಯನ್ನು ಮರುರೂಪಿಸುವ ಈ ಕ್ರಮವನ್ನು ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಎರಡು ದಶಕಗಳಿಂದ ಬಳಸುತ್ತಿದ್ದಾರೆ. ಅಲ್ಲಿ ರೋಗಿಗಳ ಮಾತನ್ನು ವಿಡಿಯೊ ಮಾಡಿ ತೋರಿಸುವುದುಂಟು. ನಮ್ಮ ಹಳ್ಳಿಗಳಲ್ಲಿ ಮುಖ ತೋರಿಸುವುದು ಬೇಡ. ಒಪ್ಪಿದವರ ದನಿಯನ್ನು ಮಾತ್ರ ಮೊಬೈಲಿನಲ್ಲಿ ಮುದ್ರಿಸಿಕೊಂಡು ಸಭೆಯಲ್ಲಿ ಎರಡು ನಿಮಿಷ ಕೇಳಿಸಿದರೂ ಹತ್ತು ಪುಟದ ವರದಿಗಿಂತ ಅದು ಹೆಚ್ಚು ನಾಟುತ್ತದೆ. ಚಿಕ್ಕ ಊರಿನಲ್ಲಿ ದನಿಯಿಂದಲೇ ಗುರುತು ಸಿಗುವ ಸಂಭವವಿದ್ದರೆ ಅದನ್ನೂ ಬಿಟ್ಟು, ಅವರದೇ ಮಾತುಗಳನ್ನು ಇನ್ನೊಬ್ಬರು ಓದಿ ಹೇಳಲಿ.

ಸಮಿತಿಯ ಮುಂದೆ ಇಡುವಾಗ

ಸಂಗ್ರಹಿಸಿದ ಮಾತುಗಳನ್ನು, ಯಾರ ಕೈಯಲ್ಲಿ ಯಾವುದು ಬದಲಾಗಬಲ್ಲದು ಎಂಬ ಲೆಕ್ಕದಲ್ಲಿ ಬೇರ್ಪಡಿಸಿಕೊಳ್ಳಿ. ಬೆಂಚನ್ನು ಚೀಟಿ ಬರೆಸುವಲ್ಲಿಗೆ ಸರಿಸುವುದು, ರಕ್ತ ಪರೀಕ್ಷೆಯ ಸಮಯ, ಮಾತ್ರೆಯ ಕವರಿನ ಗುರುತು, ಇವು ವೈದ್ಯಾಧಿಕಾರಿಗಳು ನಾಳೆಯೇ ಮಾಡಬಹುದಾದವು. ಹಿಡಿಕಂಬಿ, ಇಳಿಜಾರು ದಾರಿ, ಕಮೋಡ್ ಇವುಗಳಿಗೆ ಆರೋಗ್ಯ ರಕ್ಷಾ ಸಮಿತಿಯ ಹಣ ಮತ್ತು ನಿರ್ಣಯ ಬೇಕು. ಔಷಧಿ ಪೂರೈಕೆ ತಾಲ್ಲೂಕು, ಜಿಲ್ಲೆಯ ಮಟ್ಟದ ವಿಷಯ. ಬಸ್ಸಿನ ಸಮಯ, ಬೀದಿಯ ಗುಂಡಿ, ಕುಡಿಯುವ ನೀರು ಗ್ರಾಮ ಸಭೆಯಲ್ಲಿ ಎತ್ತಬೇಕಾದವು. ಎಲ್ಲವನ್ನೂ ಒಂದೇ ಮನವಿಯಲ್ಲಿ ತುಂಬಿದರೆ ಯಾವುದೂ ಆಗುವುದಿಲ್ಲವೆಂಬುದು ನನ್ನ ಅನುಭವ. ಒಂದು ಸಭೆಗೆ ಒಂದೇ ಬದಲಾವಣೆ ಕೇಳಿ, ಅದು ಯಾರ ಹೊಣೆ, ಯಾವ ದಿನದೊಳಗೆ ಎಂಬುದನ್ನು ನಡಾವಳಿಯಲ್ಲಿ ಬರೆಸಿ.

ಕೇಳುವಾಗ ದೀನರಾಗಿ ಕೇಳಬೇಕಾದ ಅಗತ್ಯವಿಲ್ಲ. 2007ರ ಕಾಯ್ದೆಯ 20ನೆಯ ಪ್ರಕರಣವು ಸರ್ಕಾರಿ ಆಸ್ಪತ್ರೆಗಳಲ್ಲಿ ಹಿರಿಯ ನಾಗರಿಕರಿಗೆ ಪ್ರತ್ಯೇಕ ಸಾಲಿರಬೇಕೆಂದೂ, ಸಾಧ್ಯವಾದಷ್ಟು ಮಟ್ಟಿಗೆ ಹಾಸಿಗೆ ಒದಗಿಸಬೇಕೆಂದೂ, ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ವೃದ್ಧರ ಚಿಕಿತ್ಸೆಗೆ ಮೀಸಲಾದ ವ್ಯವಸ್ಥೆ ಇರಬೇಕೆಂದೂ ಹೇಳುತ್ತದೆ. 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಆರೈಕೆ ಕಾರ್ಯಕ್ರಮದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ವಾರಕ್ಕೊಮ್ಮೆ ಹಿರಿಯರಿಗೆಂದೇ ಕ್ಲಿನಿಕ್ ನಡೆಸುವ ಆಶಯವಿದೆ. ವಾರದ ಯಾವ ದಿನ ಎಂಬುದನ್ನು ಹಿರಿಯರೇ ಹೇಳಲಿ. ಸಂತೆಯ ದಿನ ಜನಜಂಗುಳಿಯಿರುತ್ತದೆ, ಅಂದು ಬೇಡವೆಂದು ನಮ್ಮ ಸಮಿತಿಯವರೆಲ್ಲರೂ ಎಣಿಸಿದ್ದೆವು. ಮನೆಗಳಲ್ಲಿ ಕೇಳಿದರೆ ಬಹುತೇಕ ಎಲ್ಲರೂ ಸಂತೆಯ ದಿನವೇ ಆಗಲಿ ಎಂದರು, ಏಕೆಂದರೆ ಊರಿನಿಂದ ಟೆಂಪೊ ಹೊರಡುವುದು, ಜೊತೆಗೆ ಬರಲು ಯಾರಾದರೂ ಸಿಗುವುದು ಅವತ್ತೊಂದೇ ದಿನ. ಮನೆ ಬಾಗಿಲಿಗೇ ತಪಾಸಣೆ, ಔಷಧಿ ಒಯ್ಯುವ ಗೃಹ ಆರೋಗ್ಯ ಯೋಜನೆಯನ್ನು ರಾಜ್ಯ ಸರ್ಕಾರ 2024ರಲ್ಲಿ ಮೊದಲು ಆರಂಭಿಸಿದ್ದು ಕೋಲಾರ ಜಿಲ್ಲೆಯಲ್ಲೇ. ಆ ತಂಡದವರು ಹೇಗಿದ್ದರೂ ಮನೆಗೆ ಹೋಗುತ್ತಾರೆ. ಹಿರಿಯರ ಆ ದಿನದ ಕಥೆಯನ್ನು ಕೇಳುವ ಒಂದು ಪ್ರಶ್ನೆಯನ್ನು ಅವರ ಭೇಟಿಯೊಂದಿಗೆ ಸೇರಿಸಿಕೊಳ್ಳಬಹುದೇ ಎಂದು ವೈದ್ಯಾಧಿಕಾರಿಗಳನ್ನು ಕೇಳಿ.

ಹಿರಿಯರನ್ನೇ ಸಮಿತಿಯ ಸಭೆಗೆ ಕರೆತರಬೇಕೇ? ಶೆರಿ ಆರ್ನ್‌ಸ್ಟೀನ್ ಎಂಬ ಅಮೆರಿಕದ ಚಿಂತಕಿ 1969ರಲ್ಲಿ ನಾಗರಿಕರ ಪಾಲ್ಗೊಳ್ಳುವಿಕೆಯನ್ನು ಎಂಟು ಮೆಟ್ಟಿಲುಗಳ ಏಣಿಗೆ ಹೋಲಿಸಿದರು. ಬರಿದೆ ತಿಳಿಸುವುದು, ಅಭಿಪ್ರಾಯ ಕೇಳುವುದು ನಡುವಿನ ಮೆಟ್ಟಿಲುಗಳಾದರೆ, ನಿರ್ಧಾರದ ಅಧಿಕಾರವನ್ನೇ ಹಂಚಿಕೊಳ್ಳುವುದು ಮೇಲಿನವು. ಸಮಿತಿಯವರು ತಾವು ಯಾವ ಮೆಟ್ಟಿಲಲ್ಲಿ ನಿಂತಿದ್ದೇವೆಂದು ಪ್ರಾಮಾಣಿಕವಾಗಿ ನೋಡಿಕೊಳ್ಳಲು ಈ ಏಣಿ ಒಳ್ಳೆಯದು. ಆದರೆ ಹಾಸಿಗೆ ಹಿಡಿದ ಅಜ್ಜಿಯನ್ನು ಅದರ ತುದಿಗೆ ಹತ್ತಿಸುವ ಹಟ ಬೇಡ. ಬರಬಯಸುವವರಿಗೆ ನೆಲಮಟ್ಟದ ಕೋಣೆ, ಕೈಯೂರಲು ಹಿಡಿಯಿರುವ ಕುರ್ಚಿ, ಹತ್ತಿರದಲ್ಲೇ ಶೌಚಾಲಯ, ಒಂದು ಗಂಟೆಯೊಳಗೆ ಮುಗಿಯುವ ಸಭೆ, ಮೊದಲ ವಿಷಯವಾಗಿ ಅವರದೇ ಮಾತು, ಇಷ್ಟನ್ನು ಖಚಿತಪಡಿಸಿ. ಒಬ್ಬರನ್ನೇ ಕರೆಯಬೇಡಿ, ಇಬ್ಬರಿದ್ದರೆ ಒಬ್ಬರಿಗೊಬ್ಬರು ಧೈರ್ಯ. ಬರಲೊಲ್ಲದವರು ಆಶಾ ಕಾರ್ಯಕರ್ತೆಯನ್ನೋ ಮೊಮ್ಮಗಳನ್ನೋ ತಮ್ಮ ಪರವಾಗಿ ಕಳಿಸಬಹುದು; ಏನು ಹೇಳಬೇಕೆಂದು ಹೇಳಿಕೊಡುವವರು ಅವರಾಗಿರಲಿ.

ಮರಳಿ ಹೋಗುವುದು

‘ಹೋದ ವರ್ಷಾನೂ ಯಾರೋ ಬಂದು ಬರ್ಕೊಂಡು ಹೋದ್ರಲ್ಲಮ್ಮ, ಅದು ಏನಾಯ್ತು?’ ಎಂದು ಒಬ್ಬ ಅಜ್ಜಿ ನನ್ನನ್ನು ಕೇಳಿದ್ದರು. ಬರೆದುಕೊಂಡು ಹೋದವರು ಯಾರೆಂದು ನನಗೆ ತಿಳಿದಿರಲಿಲ್ಲ. ನಾನೂ ಹಾಗೆಯೇ ಮಾಡಿದ್ದ ಮನೆಗಳು ಮಾತ್ರ ನೆನಪಾದವು. ಅಂದಿನಿಂದ, ಮರಳಿ ಹೋಗುವ ದಿನವನ್ನು ಮೊದಲ ಭೇಟಿಯಲ್ಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಬರುವುದನ್ನು ರೂಢಿ ಮಾಡಿಕೊಂಡೆ. ಎರಡು ತಿಂಗಳೊಳಗೆ ಹೋಗಬೇಕು. ಬಲಗುಂದಿದವರ ಬದುಕಿನಲ್ಲಿ ಆರು ತಿಂಗಳು ಬಹಳ ದೀರ್ಘವಾದ ಕಾಲ.

ಹೋದಾಗ ಆಗಿದ್ದನ್ನೂ ಹೇಳಿ, ಆಗದಿದ್ದನ್ನೂ ಹೇಳಿ. ‘ನೀವು ಹೇಳಿದಿರಲ್ಲ ಅಜ್ಜಿ, ಬೆಂಚು ಚೀಟಿ ಬರೆಸುವ ಕಡೆಗೆ ಬಂತು. ಕಮೋಡಿಗೆ ಹಣ ಇನ್ನೂ ಬಂದಿಲ್ಲ, ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇವೆ’ ಎಂದು ನೇರವಾಗಿ ತಿಳಿಸಿದರೆ ಅವರು ಬೇಸರಿಸಿಕೊಳ್ಳುವುದಿಲ್ಲ. ಆದ ಬದಲಾವಣೆ ಸರಿಯಾಗಿದೆಯೇ ಎಂದು ಆಗಲೇ ಕೇಳಬೇಕು. ನಾವು ಸರಿಸಿದ್ದ ಬೆಂಚು ತೀರಾ ತಗ್ಗಾಗಿದ್ದು, ಕೂತವರು ಏಳಲು ಪಡುತ್ತಿದ್ದ ಪಾಡು ನಮಗೆ ತಿಳಿದದ್ದು ಇಂಥ ಎರಡನೆಯ ಭೇಟಿಯಲ್ಲೇ. ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಅದನ್ನು ಎತ್ತರಿಸಿದ ಮೇಲಷ್ಟೇ ಆ ಕೆಲಸ ಮುಗಿಯಿತು.

ಮರಳಿ ಹೋಗುವಷ್ಟರಲ್ಲಿ ಕೆಲವರು ಇಲ್ಲವಾಗಿರುತ್ತಾರೆ. ಆ ಮನೆಗೂ ಹೋಗಬೇಕು. ಅವರು ಹೇಳಿದ ಮಾತಿನಿಂದ ಏನಾಯಿತೆಂದು ಮನೆಯವರಿಗೆ ತಿಳಿಸಬೇಕು. ಕೊನೆಯ ದಿನಗಳಲ್ಲಿ ಆಸ್ಪತ್ರೆ ಹೇಗೆ ನಡೆದುಕೊಂಡಿತೆಂದು ಅಂದೇ ಕೇಳಬೇಡಿ, ಅವರಾಗಿ ಹೇಳಿದರೆ ಕೇಳಿಸಿಕೊಳ್ಳಿ. ಪಟ್ಟಿಯಲ್ಲಿ ಖಾಲಿಯಾದ ಜಾಗಕ್ಕೆ ಇನ್ನೊಬ್ಬರನ್ನು ಸೇರಿಸುವ ಮುಂಚೆ ಒಂದು ತಿಂಗಳಾದರೂ ಕಳೆಯಲಿ.

ಈ ಭೇಟಿಗಳ ಟಿಪ್ಪಣಿಗೆ 200 ಪುಟದ ಒಂದು ನೋಟ್‌ಬುಕ್ ಸಾಕು. ಎಡಪುಟದಲ್ಲಿ ಹಿರಿಯರ ಮಾತು ಅವರದೇ ಪದಗಳಲ್ಲಿ, ಬಲಪುಟದಲ್ಲಿ ಅದರಿಂದ ಏನಾಯಿತು, ಯಾವ ದಿನ ಮರಳಿ ತಿಳಿಸಲಾಯಿತು ಎಂಬುದು. ಹೆಸರಿನ ಬದಲು ಸಂಖ್ಯೆ ಹಾಕಿ, ಸಂಖ್ಯೆ ಯಾರದೆಂಬ ಪಟ್ಟಿಯನ್ನು ಬೇರೆಯಾಗಿ ಆಶಾ ಕಾರ್ಯಕರ್ತೆಯ ಬಳಿ ಇಡಿ. ವೈದ್ಯಾಧಿಕಾರಿಗಳಿಗೆ ವರ್ಗಾವಣೆಯಾಗುತ್ತದೆ, ಸಮಿತಿಯ ಅವಧಿ ಮುಗಿಯುತ್ತದೆ, ಬಂದ ಹೊಸಬರು ಮೊದಲಿನಿಂದ ಶುರುಮಾಡುತ್ತಾರೆ. ಆದ್ದರಿಂದ ಅಧಿಕಾರ ಹಸ್ತಾಂತರದ ದಿನ ನಡಾವಳಿ ಪುಸ್ತಕ, ಬ್ಯಾಂಕ್ ಪಾಸ್‌ಬುಕ್‌ಗಳ ಜೊತೆಗೆ ಈ ನೋಟ್‌ಬುಕ್ಕನ್ನೂ ಪಟ್ಟಿಯಲ್ಲಿ ಬರೆಸಿ ಒಪ್ಪಿಸಿ, ಬಲಪುಟ ಇನ್ನೂ ಖಾಲಿಯಿರುವ ಹಾಳೆಗಳ ಅಂಚನ್ನು ಮಡಚಿ ಗುರುತಿಟ್ಟು ಕೊಡಿ.